ಎಷ್ಟು ಕುಡಿದರೂ ಅಲ್ಲಾಡದ ಹುಡುಗ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಮನುಷ್ಯನ ಆರೋಗ್ಯ ಮತ್ತು ರೋಗಗಳ ಬಗ್ಗೆ ಒಂದು ಅಧ್ಯಾಯ ಇದೆ. ಮಲೇರಿಯಾ, ಟೈಫಾಯ್ಡ್, ಏಡ್ಸ್, ಕ್ಯಾನ್ಸರ್ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ವಿಷಯ ಬರುತ್ತದೆ. ಅಫೀಮಿನ ಗಿಡ, ಗಾಂಜಾ ಗಿಡ, ದತ್ತೂರಿ, ಮಾರ್ಫಿನ್ ಅಣುವಿನ ರಚನೆ. ಮಕ್ಕಳು ಬಾಯಿಪಾಠ ಮಾಡುವುದು ಇವನ್ನೇ. ಅದರ ಬೆನ್ನಿಗೇ ಹರೆಯದ ಬಗ್ಗೆ ಒಂದು ಚಿಕ್ಕ ಭಾಗ ಇದೆ. 12ರಿಂದ 18 ವರ್ಷದ ವಯಸ್ಸನ್ನು ಹರೆಯ ಅನ್ನಬಹುದು ಎಂದು ಶುರುವಾಗುತ್ತದೆ.

ನಾನು ತಾಲ್ಲೂಕು ಕೇಂದ್ರದ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನೆದುರು ಕೂತವರೆಲ್ಲ ಅದೇ ವಯಸ್ಸಿನವರು. ಸಿಲಬಸ್ ಲೆಕ್ಕದಲ್ಲಿ ಆ ಭಾಗಕ್ಕೆ ಒಂದು ಪೀರಿಯಡ್ ಸಾಕು. ನಾನು ಜಾಸ್ತಿ ತೆಗೆದುಕೊಳ್ಳುತ್ತೇನೆ. ಯಾಕೆಂದರೆ ಇಡೀ ವರ್ಷ ಬಾಯಿ ಬಿಡದ ಮಕ್ಕಳು ಅವತ್ತು ಪ್ರಶ್ನೆ ಕೇಳುತ್ತಾರೆ. "ಬಿಯರ್ ಕುಡಿದ್ರೂ ಅಡಿಕ್ಟ್ ಆಗ್ತಾರಾ ಮ್ಯಾಮ್?" "ಗಾಂಜಾ ಸೊಪ್ಪು ತಾನೆ, ನ್ಯಾಚುರಲ್ ಅಲ್ವಾ?" "ನಮ್ಮ ಮಾವ ದಿನಾ ಎಣ್ಣೆ ಹೊಡೀತಾರೆ, ಅವರಿಗೇನೂ ಆಗಿಲ್ವಲ್ಲ?" ಇವುಗಳ ಜೊತೆಗೆ ಇನ್ನೊಂದು ಮಾತು ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಅದು ಪ್ರಶ್ನೆ ಅಲ್ಲ, ಹೊಗಳಿಕೆ. ಯಾರೋ ಒಬ್ಬ ಗೆಳೆಯನ ಬಗ್ಗೆ ಹೇಳುತ್ತಾರೆ: "ಅವನು ಎಷ್ಟು ಕುಡಿದ್ರೂ ಅಲ್ಲಾಡಲ್ಲ ಮ್ಯಾಮ್."

ನನಗೆ ಹೆಚ್ಚು ಭಯವಾಗುವುದು ಆ ಹುಡುಗನ ಬಗ್ಗೆ. ಯಾಕೆ ಅಂತ ಹೇಳಬೇಕು. ಅದಕ್ಕೂ ಮುಂಚೆ ಇದೆಲ್ಲ ಶುರುವಾಗುವ ರೀತಿ ನೋಡೋಣ.

ಯಾವ ಹುಡುಗನೂ "ನಾನು ಕುಡುಕ ಆಗ್ತೀನಿ" ಅಂತ ತೀರ್ಮಾನ ಮಾಡಿ ಶುರು ಮಾಡುವುದಿಲ್ಲ. ಅಮೆರಿಕದ ಸಂಶೋಧಕಿ ಡೆನಿಸ್ ಕ್ಯಾಂಡೆಲ್ 1975ರಲ್ಲಿ ಅಲ್ಲಿನ ಹೈಸ್ಕೂಲು ಮಕ್ಕಳನ್ನು ನೋಡಿ ಒಂದು ಕ್ರಮ ಗುರುತಿಸಿದರು. ಮೊದಲು ಬಿಯರ್ ಅಥವಾ ವೈನ್. ಆಮೇಲೆ ಸಿಗರೇಟು ಅಥವಾ ಗಟ್ಟಿ ಮದ್ಯ. ಆಮೇಲೆ ಗಾಂಜಾ. ಆಮೇಲೆ ಉಳಿದ ಡ್ರಗ್ಸ್. ಮಧ್ಯದ ಮೆಟ್ಟಿಲು ಬಿಟ್ಟು ಹಾರುವವರು ಕಡಿಮೆ. ಆದರೆ ಒಂದು ಮೆಟ್ಟಿಲು ಹತ್ತಿದವರೆಲ್ಲ ಮುಂದಿನದಕ್ಕೂ ಹೋಗಿಯೇ ಹೋಗುತ್ತಾರೆ ಅಂತ ಅವರು ಹೇಳಲಿಲ್ಲ. ಈ ಎರಡನೆಯ ಮಾತನ್ನು ಭಾಷಣಗಳಲ್ಲಿ ಬಿಟ್ಟುಬಿಡುತ್ತಾರೆ. "ಒಂದು ಸಿಗರೇಟು ಸೇದಿದರೆ ನಾಳೆ ಹೆರಾಯಿನ್" ಅಂದರೆ ಮಕ್ಕಳು ನಂಬುವುದಿಲ್ಲ. ಸಿಗರೇಟು ಸೇದಿ ಏನೂ ಆಗದ ನಾಲ್ಕು ಜನರನ್ನು ಅವರು ನೋಡಿರುತ್ತಾರೆ. ಒಂದು ಸುಳ್ಳು ಸಿಕ್ಕಿದ ಮೇಲೆ ನಾವು ಹೇಳುವ ನಿಜವನ್ನೂ ನಂಬುವುದಿಲ್ಲ.

ನಮ್ಮ ಕಡೆ ಮೊದಲ ಮೆಟ್ಟಿಲು ಇನ್ನೂ ಚಿಕ್ಕದು. ಅಂಗಡಿ ಮುಂದೆ ಸರದ ಹಾಗೆ ತೂಗುವ ಚೀಟಿ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲಾದ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ. ಎರಡನ್ನೂ ಒಂದೇ ಅಂಗಡಿಯಲ್ಲಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಶೇ. 8.5ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು. ನಮ್ಮ ರಾಜ್ಯದ ಪ್ರಮಾಣ ಇದಕ್ಕಿಂತ ತುಂಬ ಕಡಿಮೆ ಇತ್ತು, ಅದು ಸಮಾಧಾನದ ವಿಷಯ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಸಾಲು ಮನಸ್ಸಿನಿಂದ ಹೋಗುವುದಿಲ್ಲ. ಜಗಿಯುವ ತಂಬಾಕು ಬಳಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಅದನ್ನು ಶುರು ಮಾಡಿದ್ದು ಹತ್ತು ವರ್ಷ ತುಂಬುವ ಮುಂಚೆ. ಹತ್ತು ವರ್ಷ ಅಂದರೆ ಐದನೇ ಕ್ಲಾಸು. ಪಿಯುಸಿಯಲ್ಲಿ ನಾನು ಪಾಠ ಮಾಡುವ ಹೊತ್ತಿಗೆ ಎಷ್ಟು ತಡವಾಗಿರುತ್ತದೆ ನೋಡಿ.

ಬಡತನ ಜಾಸ್ತಿ ಇರುವ ಕಡೆ, ಶಾಲೆ ಬಿಟ್ಟ ಮಕ್ಕಳಲ್ಲಿ, ಮೊದಲು ಕೈಗೆ ಸಿಗುವುದು ಮದ್ಯವೂ ಅಲ್ಲ. ಪಂಕ್ಚರ್ ಅಂಗಡಿಯ ಸೊಲ್ಯೂಷನ್, ವೈಟ್ನರ್, ಥಿನ್ನರ್. ಬಟ್ಟೆಗೆ ಹಾಕಿ ಮೂಸುವುದು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ದೊಡ್ಡ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಮದ್ಯ, ಗಾಂಜಾ, ಅಫೀಮು ಎಲ್ಲದರಲ್ಲೂ ದೊಡ್ಡವರ ಪ್ರಮಾಣವೇ ಹೆಚ್ಚು. ಮೂಸುವ ವಸ್ತುಗಳಲ್ಲಿ ಮಾತ್ರ ಲೆಕ್ಕ ತಿರುಗಿತ್ತು. 10ರಿಂದ 17 ವರ್ಷದವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಮಕ್ಕಳೇ ದುಪ್ಪಟ್ಟು. ಇದನ್ನು ಚಿಲ್ಲರೆ ಚಟ ಅಂದುಕೊಳ್ಳಬಾರದು. ಅಂಥ ಆವಿ ಹೃದಯದ ಬಡಿತವನ್ನೇ ತಪ್ಪಿಸಬಹುದು. ಮೊದಲ ಸಲ ಮೂಸಿದಾಗಲೇ ಪ್ರಾಣ ಹೋದ ಉದಾಹರಣೆಗಳಿವೆ.

ಇನ್ನು ಮದ್ಯ. ನನ್ನ ವಿದ್ಯಾರ್ಥಿಗಳು ಹೇಳುವುದನ್ನು ಕೇಳಿದರೆ ಹೆಚ್ಚಿನವರ ಶುರುವಾತು ಎಸೆಸೆಲ್ಸಿ ಮುಗಿದ ರಜೆಯಲ್ಲಿ, ಇಲ್ಲವೇ ಊರು ಬಿಟ್ಟು ಹಾಸ್ಟೆಲ್ಲಿಗೋ ರೂಮಿಗೋ ಬಂದ ಮೊದಲ ತಿಂಗಳುಗಳಲ್ಲಿ. ಬರ್ತ್‌ಡೇ ಪಾರ್ಟಿ, ಗಣೇಶನ ವಿಸರ್ಜನೆ, ಜಾತ್ರೆ, ಕ್ರಿಕೆಟ್ ಟೂರ್ನಮೆಂಟ್ ಗೆದ್ದ ರಾತ್ರಿ. "ಸುಮ್ನೆ ಕಂಪನಿಗೆ ಬಾ" ಅನ್ನುತ್ತಾರೆ. "ಒಂದ್ ಸಲಕ್ಕೆ ಏನೂ ಆಗಲ್ಲ" ಅನ್ನುತ್ತಾರೆ. ನಮ್ಮಲ್ಲಿ ಅಗ್ಗದ ವಿಸ್ಕಿ 90 ಎಂಎಲ್ ಟೆಟ್ರಾ ಪ್ಯಾಕಿನಲ್ಲೂ ಬರುತ್ತದೆ. ಮಾವಿನ ಜ್ಯೂಸಿನ ಪ್ಯಾಕೆಟ್ಟಿನಷ್ಟೇ ಇರುತ್ತದೆ. ಪ್ಯಾಂಟಿನ ಜೇಬಿನಲ್ಲಿ ಹಿಡಿಸುತ್ತದೆ, ಬ್ಯಾಗಿನಲ್ಲಿ ಸದ್ದಾಗುವುದಿಲ್ಲ. ಬಾಟಲಿ ಬಚ್ಚಿಡುವ ಕಷ್ಟವಾದರೂ ಕೆಲವರನ್ನು ತಡೆಯುತ್ತಿತ್ತು.

ಈಗ ಆ ಅಲ್ಲಾಡದ ಹುಡುಗನ ವಿಷಯ.

ಮದ್ಯ ನಮ್ಮ ಮೇಲೆ ಎರಡು ಥರ ಕೆಲಸ ಮಾಡುತ್ತದೆ. ಒಂದು, ಖುಷಿ ಕೊಡುತ್ತದೆ, ನಾಚಿಕೆ ಬಿಡಿಸುತ್ತದೆ, ಮಾತು ಹೊರಡಿಸುತ್ತದೆ. ಇನ್ನೊಂದು, ತೂಕಡಿಕೆ ತರುತ್ತದೆ, ಕಾಲು ತಡವರಿಸುತ್ತದೆ, ಹೊಟ್ಟೆ ತೊಳಸುತ್ತದೆ. ಎರಡನೆಯದು ನಮಗೆ ಇಷ್ಟವಿಲ್ಲ. ಆದರೆ "ಸಾಕು, ನಿಲ್ಲಿಸು" ಅಂತ ದೇಹ ಹೇಳುವುದು ಅದರ ಮೂಲಕವೇ. ಲಿಂಡಾ ಸ್ಪಿಯರ್ ಅನ್ನುವ ವಿಜ್ಞಾನಿ ಹರೆಯದ ಇಲಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಒಂದೇ ಅಳತೆಯ ಮದ್ಯ ಕೊಟ್ಟರೆ ಬೆಳೆದ ಇಲಿ ತೂಕಡಿಸಿ ಬೀಳುತ್ತದೆ. ಹರೆಯದ ಇಲಿ ಇನ್ನೂ ಓಡಾಡುತ್ತಿರುತ್ತದೆ. ಜೊತೆಯವುಗಳ ಸಂಗ ಇನ್ನೂ ಹೆಚ್ಚು ಬಯಸುತ್ತದೆ. ಅಂದರೆ ನಿಲ್ಲಿಸುವ ಸೂಚನೆ ಕಮ್ಮಿ, ಮುಂದುವರಿಸುವ ಖುಷಿ ಜಾಸ್ತಿ. ಆದರೆ ನೆನಪು ಮತ್ತು ಕಲಿಕೆಗೆ ಸಂಬಂಧಪಟ್ಟ ಭಾಗಕ್ಕೆ ಪೆಟ್ಟು ಬೀಳುವುದು ಹರೆಯದ ಮಿದುಳಿನಲ್ಲೇ ಹೆಚ್ಚು. ಜ್ವರ ಏರುತ್ತಿದೆ, ಥರ್ಮಾಮೀಟರ್ ಮಾತ್ರ ತೋರಿಸುತ್ತಿಲ್ಲ ಅನ್ನುವ ಹಾಗೆ. ಮಕ್ಕಳಿಗೆ ಮದ್ಯ ಕುಡಿಸಿ ಇಂಥ ಪ್ರಯೋಗ ಮಾಡಲಾಗುವುದಿಲ್ಲ, ಮಾಡಬಾರದು ಕೂಡ. ಆದರೆ ಹದಿಹರೆಯದವರು ಅಪರೂಪಕ್ಕೆ ಕುಡಿದರೂ ಒಂದೇ ಕೂತಿಗೆ ಅತಿಯಾಗಿ ಕುಡಿಯುತ್ತಾರೆ ಅನ್ನುವುದು ಎಷ್ಟೋ ದೇಶಗಳಲ್ಲಿ ಕಂಡಿರುವ ವಿಷಯ.

ಇದು ಎಲ್ಲ ಹರೆಯದವರ ಕಥೆ. ಅದರ ಮೇಲೆ ಕೆಲವರಲ್ಲಿ ಹುಟ್ಟಿನಿಂದಲೇ ಮದ್ಯ ಬೇಗ ಹತ್ತುವುದಿಲ್ಲ. ಕ್ಯಾಲಿಫೋರ್ನಿಯಾದ ಮಾರ್ಕ್ ಶುಕಿಟ್ ಅನ್ನುವ ಮನೋವೈದ್ಯರು ಇಪ್ಪತ್ತರ ಆಸುಪಾಸಿನ ನೂರಾರು ಗಂಡುಮಕ್ಕಳಿಗೆ ಅಳತೆ ಮಾಡಿ ಮದ್ಯ ಕೊಟ್ಟು, ಎಷ್ಟು ಅಮಲಾಗುತ್ತದೆ ಅಂತ ನೋಡಿದರು. ಅವರಲ್ಲಿ ಅರ್ಧದಷ್ಟು ಮಂದಿಯ ಅಪ್ಪಂದಿರು ಕುಡಿತಕ್ಕೆ ದಾಸರಾದವರು. ಆಮೇಲೆ ಅದೇ ಜನರನ್ನು ವರ್ಷಾನುಗಟ್ಟಲೆ ಗಮನಿಸಿದರು. ಮುಂದೆ ಚಟಕ್ಕೆ ಬಿದ್ದವರು ಯಾರಲ್ಲಿ ಜಾಸ್ತಿ ಗೊತ್ತಾ? ಬೇಗ ಅಮಲೇರಿದವರಲ್ಲಿ ಅಲ್ಲ. ಅಲ್ಲಾಡದೆ ಕೂತವರಲ್ಲಿ.

ಯೋಚಿಸಿ ನೋಡಿದರೆ ಅರ್ಥವಾಗುತ್ತದೆ. ಎರಡು ಗ್ಲಾಸಿಗೇ ವಾಂತಿ ಮಾಡಿಕೊಂಡ ಹುಡುಗ ಮುಂದಿನ ಸಲ ಹೆದರುತ್ತಾನೆ. ಏನೂ ಆಗದವನು ಇನ್ನೆರಡು ಕುಡಿಯುತ್ತಾನೆ. ಅವನ ಮಿದುಳಿಗೆ, ಲಿವರಿಗೆ ಹೋಗುವ ಮದ್ಯ ಜಾಸ್ತಿ. ಜೊತೆಗೆ ಗೆಳೆಯರ ಮೆಚ್ಚುಗೆ ಬೇರೆ. "ಗಂಡಸು ಕಣೋ ಇವನು" ಅನ್ನುವ ಬಿರುದು ಬೇರೆ. ನಮ್ಮ ಮದುವೆ ಮನೆಗಳಲ್ಲಿ ಚಿಕ್ಕಪ್ಪಂದಿರು ಕೂಡ ಹೀಗೆ ಹೊಗಳುವುದನ್ನು ಕೇಳಿದ್ದೇನೆ. ಯಾವುದನ್ನು ನೋಡಿ ಹೆದರಬೇಕೋ ಅದನ್ನೇ ನೋಡಿ ಹೆಮ್ಮೆ ಪಡುತ್ತೇವೆ. ಈ ಬರಹದಲ್ಲಿ ಒಂದೇ ಒಂದು ವಿಷಯ ನಿಮ್ಮ ಮನೆಗೆ ತಲುಪಬೇಕು ಅಂದರೆ ಅದು ಇದು: ಹುಡುಗ ಎಷ್ಟು ಕುಡಿದರೂ ತಡೆದುಕೊಳ್ಳುತ್ತಾನೆ ಅಂದರೆ ಅದು ಅವನ ತಾಕತ್ತು ಅಲ್ಲ. ಅವನ ದೇಹ ಅವನಿಗೆ ಎಚ್ಚರಿಕೆ ಕೊಡುತ್ತಿಲ್ಲ.

ದೇಹ ಹೇಳದಿದ್ದರೆ ಬುದ್ಧಿ ಹೇಳಬೇಕು ಅಲ್ವಾ? ಅಲ್ಲೂ ತೊಂದರೆ ಇದೆ. ಮಿದುಳು ಎಲ್ಲ ಕಡೆ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಖುಷಿ, ಬಹುಮಾನ, ಹೊಸತರ ಆಸೆ ಇವನ್ನು ನೋಡಿಕೊಳ್ಳುವ ಒಳಭಾಗಗಳು ಹರೆಯ ಶುರುವಾಗುತ್ತಲೇ ಜೋರಾಗುತ್ತವೆ. ಮುಂದಿನದನ್ನು ಲೆಕ್ಕ ಹಾಕುವ, ಆಸೆಯನ್ನು ಹಿಡಿದು ನಿಲ್ಲಿಸುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಸುಮಾರು ಇಪ್ಪತ್ತೈದು ವರ್ಷ ಬೇಕು. ಈ ಮಧ್ಯದ ವರ್ಷಗಳಲ್ಲಿ ಗೆಳೆಯರು ನೋಡುತ್ತಿದ್ದಾರೆ ಅನ್ನುವುದೇ ದೊಡ್ಡ ವಿಷಯ. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಅವರ ಜೊತೆಯವರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ಇದನ್ನು ತೋರಿಸಿದರು. ಒಬ್ಬರೇ ಆಡುವಾಗ ಹದಿಹರೆಯದವರು ತೀರ ಅವಿವೇಕಿಗಳಾಗಿರಲಿಲ್ಲ. ಗೆಳೆಯರು ಪಕ್ಕದಲ್ಲಿದ್ದಾಗ ಅವರು ತೆಗೆದುಕೊಳ್ಳುವ ಅಪಾಯ ಏರಿತು. ದೊಡ್ಡವರಲ್ಲಿ ಗೆಳೆಯರು ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ "ನನ್ನ ಮಗ ಒಳ್ಳೆಯವನು, ಅವನಿಗೆ ಎಲ್ಲ ಗೊತ್ತು" ಅನ್ನುವ ಅಪ್ಪ ಅಮ್ಮಂದಿರ ಮಾತು ನಿಜವೇ ಇರುತ್ತದೆ. ಮನೆಯಲ್ಲಿ ಕೂತಾಗ ಅವನಿಗೆ ಎಲ್ಲ ಗೊತ್ತು. ಐದು ಜನ ಕೆರೆ ಏರಿ ಮೇಲೆ ಕೂತು "ಏನೋ, ಭಯನಾ?" ಅಂದಾಗ ಅದು ಕೆಲಸಕ್ಕೆ ಬರುವುದಿಲ್ಲ.

ಮನೆಯ ವಿಷಯಕ್ಕೆ ಬರೋಣ. ಕುಡಿತದ ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಸುಮಾರು ಅರ್ಧ ಪಾಲು ವಂಶದಿಂದ ಬರುತ್ತದೆ ಅಂತ ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಉಳಿದದ್ದು ಬದುಕಿನಿಂದ ಬರುತ್ತದೆ. ಕುಡಿಯುವ ಅಪ್ಪ ಇರುವ ಮನೆಯಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ವಂಶವೂ ಹೌದು, ರಾತ್ರಿಯ ಜಗಳವೂ ಹೌದು, ಫೀಸಿಗೆ ದುಡ್ಡಿಲ್ಲದಿರುವುದೂ ಹೌದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ವಿವೇಕ್ ಬೆನೆಗಲ್ ಮತ್ತು ಅವರ ತಂಡ ಇಂಥ ಮಕ್ಕಳ ಬಗ್ಗೆ ಬಹಳ ಕಾಲ ಕೆಲಸ ಮಾಡಿದ್ದಾರೆ. ದೇಶದ ಬೇರೆ ಬೇರೆ ಊರುಗಳ ಸಾವಿರಾರು ಮಕ್ಕಳು ಮತ್ತು ಯುವಕರ ಮಿದುಳು, ಸ್ವಭಾವ, ಬಾಲ್ಯದ ಕಷ್ಟಗಳನ್ನು ದಾಖಲಿಸಿದ ಸಿ-ವೇದ ಎನ್ನುವ ದೊಡ್ಡ ಅಧ್ಯಯನಕ್ಕೂ ನಿಮ್ಹಾನ್ಸೇ ಕೇಂದ್ರ. ಬೆಂಗಳೂರು, ಮೈಸೂರಿನ ಮಕ್ಕಳೂ ಅದರಲ್ಲಿದ್ದಾರೆ. ಚಟದ ಬೇರು ಮೊದಲ ಗುಟುಕಿಗಿಂತ ಎಷ್ಟೋ ವರ್ಷ ಮುಂಚೆಯೇ ಇರಬಹುದು ಅನ್ನುವುದು ಇಂಥ ಕೆಲಸಗಳ ಹಿಂದಿರುವ ಯೋಚನೆ. ತರಗತಿಯಲ್ಲಿ ಕೂರಲಾಗದ, ಕೈ ಕಾಲು ಸುಮ್ಮನಿಡದ, ತಟ್ಟನೆ ಸಿಟ್ಟಾಗುವ ಹುಡುಗನನ್ನು ನಾವು ತರಲೆ ಅಂತ ಹೊರಗೆ ನಿಲ್ಲಿಸುತ್ತೇವೆ. ಹೊರಗೆ ಅವನಿಗೆ ಜೊತೆ ಸಿಗುವುದು ಅವನಂಥವರೇ.

ಬೇಗ ಶುರು ಮಾಡಿದಷ್ಟೂ ಅಪಾಯ ಜಾಸ್ತಿ ಅನ್ನುವುದಕ್ಕೆ ಅಮೆರಿಕದ 1990ರ ದಶಕದ ಒಂದು ದೊಡ್ಡ ಸಮೀಕ್ಷೆಯನ್ನು ಎಲ್ಲರೂ ಉದಾಹರಿಸುತ್ತಾರೆ. 14 ಅಥವಾ ಅದಕ್ಕಿಂತ ಮುಂಚೆ ಕುಡಿಯಲು ಶುರು ಮಾಡಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಬದುಕಿನ ಯಾವುದೋ ಘಟ್ಟದಲ್ಲಿ ಚಟಕ್ಕೆ ಬಿದ್ದಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಸುಮಾರು 10 ಮಂದಿ. ಇದರಲ್ಲಿ ಒಂದು ಎಚ್ಚರಿಕೆ ಬೇಕು. ಬೇಗ ಶುರು ಮಾಡುವ ಮಕ್ಕಳು ಸಾಮಾನ್ಯವಾಗಿ ಮೊದಲೇ ಕಷ್ಟದಲ್ಲಿರುವವರು. ಆದ್ದರಿಂದ ವಯಸ್ಸೊಂದೇ ಕಾರಣ ಅನ್ನಲಾಗುವುದಿಲ್ಲ. ಹಾಗಿದ್ದರೂ ಬೆಳೆಯುತ್ತಿರುವ ಮಿದುಳಿಗೆ ಒಂದು ವರ್ಷ ಹೆಚ್ಚು ಸಮಯ ಸಿಕ್ಕಿದರೂ ಲಾಭವೇ. ಅದಕ್ಕೇ ನಾನು ಮಕ್ಕಳಿಗೆ "ಜೀವನದಲ್ಲಿ ಮುಟ್ಟಲೇಬೇಡಿ" ಅಂತ ಪ್ರಮಾಣ ಮಾಡಿಸುವುದಿಲ್ಲ. "ಈಗ ಬೇಡ" ಅನ್ನುತ್ತೇನೆ. ಹದಿನೇಳರ ಹುಡುಗನಿಗೆ ಇಡೀ ಜೀವನದ ಮಾತು ತುಂಬ ದೂರದ್ದು. ಈ ವರ್ಷದ ಮಾತು ಕೈಗೆ ಸಿಗುವಂಥದ್ದು.

ಗಾಂಜಾ ಬಗ್ಗೆಯೂ ಇದೇ ಲೆಕ್ಕ. ಸೊಪ್ಪು ತಾನೆ ಅನ್ನುವವರಿಗೆ ನಾನು ಹೇಳುವುದು ಇಷ್ಟು: ತಂಬಾಕೂ ಸೊಪ್ಪೇ, ದತ್ತೂರಿಯೂ ಗಿಡವೇ. ಸೇದಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಅದಕ್ಕೆ ಅಂಟಿಕೊಳ್ಳುತ್ತಾರೆ ಅನ್ನುವ ಅಂದಾಜಿದೆ. ಹರೆಯದಲ್ಲಿ ಶುರು ಮಾಡಿದರೆ ಅದು ಆರರಲ್ಲಿ ಒಬ್ಬರಾಗುತ್ತದೆ. ಮನೆತನದಲ್ಲಿ ಮಾನಸಿಕ ಕಾಯಿಲೆ ಇರುವ ಮಕ್ಕಳಲ್ಲಿ ಭ್ರಮೆ, ಸಂಶಯ, ಕಿವಿಯಲ್ಲಿ ಧ್ವನಿ ಕೇಳಿಸುವಂಥ ತೊಂದರೆಗಳು ಬೇಗ ಎದ್ದು ಬರಬಹುದು.

ಇಷ್ಟೆಲ್ಲ ಹೇಳಿದ ಮೇಲೂ ನೆನಪಿಡಬೇಕಾದದ್ದು: ರುಚಿ ನೋಡಿದ ಬಹಳಷ್ಟು ಮಕ್ಕಳು ಚಟಕ್ಕೆ ಬೀಳುವುದಿಲ್ಲ. ಕೆಲಸ, ಮದುವೆ, ಜವಾಬ್ದಾರಿ ಬಂದಂತೆ ಬಿಟ್ಟುಬಿಡುತ್ತಾರೆ, ಇಲ್ಲವೇ ಕಡಿಮೆ ಮಾಡುತ್ತಾರೆ. ಯಾರು ಬೀಳುತ್ತಾರೆ ಅಂತ ಗುರುತಿಸಲು ಅವನು ಎಷ್ಟು ಕುಡಿಯುತ್ತಾನೆ ಅನ್ನುವುದನ್ನು ಮಾತ್ರ ನೋಡಿದರೆ ಸಾಲದು. ಯಾಕೆ ಕುಡಿಯುತ್ತಾನೆ ಅನ್ನುವುದು ಯಾವಾಗ ಬದಲಾಯಿತು ಅಂತ ನೋಡಬೇಕು. ಮೊದಲು ಗೆಳೆಯರಿಗಾಗಿ. ಆಮೇಲೆ ಖುಷಿಗಾಗಿ. ಆಮೇಲೆ ಬೇಜಾರಿಗೆ, ನಿದ್ದೆ ಬರಲ್ಲ ಅಂತ, ಮನೆಯಲ್ಲಿ ಬೈದರು ಅಂತ, ಲವ್ ಮುರಿಯಿತು ಅಂತ. ಕೊನೆಗೆ ಕಾರಣವೇ ಬೇಡ. ಇಲ್ಲದಿದ್ದರೆ ಕೈ ನಡುಗುತ್ತದೆ, ಮೈ ಉರಿಯುತ್ತದೆ, ಅದನ್ನು ತಪ್ಪಿಸಲು ಕುಡಿಯುವುದು. ಎರಡನೆಯದರಿಂದ ಮೂರನೆಯದಕ್ಕೆ ದಾಟುವ ಜಾಗ ಇದೆಯಲ್ಲ, ಅಲ್ಲಿ ಹುಡುಗ ಒಬ್ಬನೇ ಕುಡಿಯಲು ಶುರು ಮಾಡಿರುತ್ತಾನೆ. ಗೆಳೆಯರಿಗೆ ಅದು ಗೊತ್ತಿರುತ್ತದೆ. ನಮಗೆ ಗೊತ್ತಿರುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವರ್ಷಗಳ ನಂತರ ಸಿಕ್ಕಾಗ ಇದನ್ನು ಹೇಳಿದ. "ಗ್ಯಾಂಗಲ್ಲಿ ಕುಡೀತಿದ್ದಾಗ ಎಲ್ರೂ ಬೈತಿದ್ರು ಮ್ಯಾಮ್. ಗ್ಯಾಂಗ್ ಬಿಟ್ಟೆ. ಮನೇಲಿ ಖುಷಿಪಟ್ರು. ರೂಮಲ್ಲಿ ಒಬ್ನೇ ಕುಡಿಯೋಕೆ ಶುರು ಮಾಡಿದ್ದೆ, ಅದು ಯಾರಿಗೂ ಕಾಣಿಸ್ಲಿಲ್ಲ." ಅವನ ಅಜ್ಜಿ ತೀರಿಕೊಂಡ ವರ್ಷ ಅದು. ಅವನನ್ನು ಸಾಕಿದ್ದು ಅಜ್ಜಿಯೇ. ಅವನು ಕುಡಿಯುವುದನ್ನು ಗಮನಿಸಿದವರು ಸುಮಾರು ಮಂದಿ ಇದ್ದರು, ಅವನು ಅಜ್ಜಿಯನ್ನು ಕಳೆದುಕೊಂಡದ್ದರ ಬಗ್ಗೆ ಕೇಳಿದವರು ಇರಲಿಲ್ಲ. ಈಗ ಚಿಕಿತ್ಸೆ ಪಡೆದು ಕೆಲಸಕ್ಕೆ ಹೋಗುತ್ತಿದ್ದಾನೆ.

ಹೆಣ್ಣುಮಕ್ಕಳ ವಿಷಯ ನಮ್ಮ ಕಡೆ ಯಾರೂ ಎತ್ತುವುದಿಲ್ಲ. ಸಂಖ್ಯೆ ಕಡಿಮೆ ಇರಬಹುದು. ಆದರೆ ಹೆಸರು ಕೆಡುತ್ತದೆ ಅನ್ನುವ ಭಯದಿಂದ ಅವರು ಸಹಾಯ ಕೇಳುವುದು ಇನ್ನೂ ತಡವಾಗುತ್ತದೆ. ಒಂದೇ ಅಳತೆ ಕುಡಿದರೂ ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಾಗುತ್ತದೆ. ಇದನ್ನು ನಾನು ತರಗತಿಯಲ್ಲಿ ಹುಡುಗಿಯರ ಎದುರೇ ಹೇಳುತ್ತೇನೆ.

ನಾವು ದೊಡ್ಡವರು ಏನು ಮಾಡುತ್ತಿದ್ದೇವೆ? ಪ್ರತಿ ವರ್ಷ ಜೂನ್ 26ಕ್ಕೆ, ಮಾದಕ ವಸ್ತು ವಿರೋಧಿ ದಿನ ಅಂತ, ಜಾಥಾ ಮಾಡುತ್ತೇವೆ. ಬ್ಯಾನರ್, ಘೋಷಣೆ, ಪ್ರತಿಜ್ಞೆ, ಫೋಟೋ. ಅಷ್ಟರಿಂದ ಒಬ್ಬ ಹುಡುಗನೂ ಬಿಡುವುದಿಲ್ಲ. ಅಮೆರಿಕದಲ್ಲಿ ಪೊಲೀಸರೇ ಶಾಲೆಗೆ ಬಂದು ಪಾಠ ಮಾಡುವ ಡೇರ್ ಅನ್ನುವ ಕಾರ್ಯಕ್ರಮ 1983ರಿಂದ ದೊಡ್ಡದಾಗಿ ನಡೆಯಿತು. ಅದರ ಮೂಲ ಪಾಠಕ್ರಮದಿಂದ ಹೇಳಿಕೊಳ್ಳುವಂಥ ಪರಿಣಾಮ ಇಲ್ಲ ಅಂತ ಒಂದಾದ ಮೇಲೊಂದು ಅಧ್ಯಯನ ಹೇಳಿದವು. ಐಸ್‌ಲ್ಯಾಂಡ್ ಬೇರೆ ದಾರಿ ಹಿಡಿಯಿತು. 1998ರಲ್ಲಿ ಅಲ್ಲಿನ 15-16 ವರ್ಷದವರಲ್ಲಿ ಶೇ. 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು ಶೇ. 5ಕ್ಕೆ ಇಳಿಯಿತು. ಅವರು ಭಾಷಣ ಹೆಚ್ಚಿಸಲಿಲ್ಲ. ಸಂಜೆ ಹೊತ್ತು ಆಟ, ಸಂಗೀತ, ನೃತ್ಯಕ್ಕೆ ಸರ್ಕಾರದ ದುಡ್ಡು ಹಾಕಿದರು. ರಾತ್ರಿ ಮಕ್ಕಳು ಮನೆ ಸೇರುವ ಸಮಯವನ್ನು ಅಪ್ಪ ಅಮ್ಮಂದಿರೆಲ್ಲ ಸೇರಿ ಪಾಲಿಸಿದರು. ಪ್ರತಿ ಶಾಲೆಯ ಅಂಕಿಅಂಶ ಆಯಾ ಶಾಲೆಗೆ ತಲುಪುತ್ತಿತ್ತು. ಅದು ಚಿಕ್ಕ ದೇಶ, ಶ್ರೀಮಂತ ದೇಶ, ಒಪ್ಪುತ್ತೇನೆ. ಆದರೆ ನಮ್ಮ ತಾಲ್ಲೂಕಿನಲ್ಲಿ ಸಂಜೆ ಐದರ ಮೇಲೆ ಹದಿನೇಳರ ಹುಡುಗ ಹೋಗಬಹುದಾದ ಜಾಗಗಳನ್ನು ಎಣಿಸಿ ನೋಡಿ. ಬಾರ್‌ಗಳು ಸಿಗುತ್ತವೆ. ಬಾಗಿಲು ತೆರೆದ ಗ್ರಂಥಾಲಯ, ದೀಪ ಇರುವ ಆಟದ ಮೈದಾನ ಸಿಗುತ್ತವಾ?

ಕಾನೂನು ನಮ್ಮಲ್ಲಿ ಗಟ್ಟಿಯಾಗಿಯೇ ಇದೆ. 2023ರ ಜನವರಿಯಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮ ಬಂದಾಗ ಜನ ವಿರೋಧಿಸಿದರು, ಸರ್ಕಾರ ಹಿಂದೆ ತೆಗೆದುಕೊಂಡಿತು. ತಂಬಾಕು ಮಾರುವ ವಯಸ್ಸನ್ನು 21ಕ್ಕೆ ಏರಿಸಿದ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂತು. ಮಕ್ಕಳಿಗೆ ಮದ್ಯ, ತಂಬಾಕು, ಡ್ರಗ್ಸ್ ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಜೈಲು ಆಗಬಹುದು. ಈ ಕಲಂ ಇರುವುದು ಎಷ್ಟೋ ಅಂಗಡಿಯವರಿಗೆ ಗೊತ್ತಿಲ್ಲ. ಹೋಗಿ ಹೇಳಿದರೆ ಕೆಲವರು ನಿಜವಾಗಿಯೂ ನಿಲ್ಲಿಸುತ್ತಾರೆ, ನಮ್ಮ ಕಾಲೇಜಿನ ರಸ್ತೆಯಲ್ಲೇ ನೋಡಿದ್ದೇನೆ.

ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲದ ಇನ್ನೊಂದು ಕಾನೂನು ಇದೆ. ಮಗ ಗಾಂಜಾ ಸೇದುತ್ತಾನೆ ಅಂತ ಗೊತ್ತಾದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೆದರುತ್ತಾರೆ. ಪೊಲೀಸ್ ಕೇಸಾಗುತ್ತದೆ ಅಂತ. ಮಾದಕ ವಸ್ತು ಕಾಯ್ದೆಯ 64-ಎ ಕಲಂ ಇರುವುದೇ ಇಂಥವರಿಗಾಗಿ. ಚಟಕ್ಕೆ ಬಿದ್ದವನ ಮೇಲೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಆರೋಪ ಇದ್ದರೂ, ಅವನಾಗಿಯೇ ಬಂದು ಸರ್ಕಾರದ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪೂರ್ತಿ ತೆಗೆದುಕೊಂಡರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಮಧ್ಯದಲ್ಲಿ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಎಲ್ಲಿಗೆ ಫೋನ್ ಮಾಡಬೇಕು ಅಂತ ಕೇಳುವವರಿಗೆ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮಕ್ಕಳ ಸಹಾಯವಾಣಿ 1098. ಹುಡುಗನೇ ಮಾಡಬೇಕು ಅಂತಿಲ್ಲ. ಅಮ್ಮ ಮಾಡಬಹುದು, ಅಕ್ಕ ಮಾಡಬಹುದು, ಅವನು ರೂಮಿನಲ್ಲಿ ಒಬ್ಬನೇ ಕುಡಿಯುತ್ತಾನೆ ಅಂತ ಗೊತ್ತಿರುವ ಗೆಳೆಯನೂ ಮಾಡಬಹುದು.